ದೆವ್ವಕ್ಕಲ್ರೀ, ಸ್ಪೀಕರ್‌ಗೆ ಹೆದರಿದ್ದು

ನಿನ್ನಿ ವಿಜಯಪುರದಾಗ ಸೆಕೆಂಡ್ ಶೋಕ್ಕ ಹೋಗಿದ್ನಿ, ಹಾರರ್ ಪಿಚ್ಚರ್ ಅಂತ. ದೆವ್ವ ಬರೂ ಹೊತ್ತಿಗೆ ಬಾಜೂ ಕುಂತ ಕಾಕಾ ಗೊರಕಿ ಹೊಡ್ಯಾಕ ಹತ್ತಿದ್ರು. ದೆವ್ವ ಚೀರಿದ್ರೂ ಏಳಲಿಲ್ಲ. ಇಂಟರ್‌ವಲ್‌ದಾಗ ಮಿರ್ಚಿ ಭಜಿ ವಾಸನಿಗೆ ಎದ್ರು!

ಅಲ್ರೀ, ಇದು ಹಾರರೇನು? ಅದ ಪಾಳು ಬಂಗ್ಲೆ, ಅದ ಕಿರ್ರ್ ಅನ್ನೂ ಬಾಗಿಲಾ, ಮಾರಿ ಮ್ಯಾಲೆ ಕೂದಲಾ ಬಿಟ್ಕೊಂಡ ಅದ ಬಿಳಿ ಸೀರಿ. ಎರಡು ನಿಮಿಷ ಗಪ್‌ಚಿಪ್, ಆಮ್ಯಾಲೆ ಕಿವಿ ಹರಿಯೂ ಹಂಗ 'ಢಂ!' ನೋಡಿದ್ರ ಬೆಕ್ಕು. ಅಡಗಿ ಮನ್ಯಾಗ ತಾಟು ಬಿದ್ರೂ ನಾ ಹಂಗ ಜಿಗೀತೀನಿ, ಅದಕ್ಕ ರೊಕ್ಕ ಯಾಕ ಕೊಡ್ಲಿ? ಸೌಂಡ್ ಬೇಕಂದ್ರ ನಮ್ಮ ಗೋಳಗುಮ್ಮಟದಾಗ ಒಮ್ಮೆ ಕೆಮ್ಮಿದ್ರ ಸಾಕು, ಕೆಮ್ಮು ತಿರುಗಿ ತಿರುಗಿ ಬರ್ತದ.

1979ರ 'ನಾ ನಿನ್ನ ಬಿಡಲಾರೆ'ಯೊಳಗ ಅನಂತ್ ನಾಗ್ ಮೈಮ್ಯಾಲೆ ದೆವ್ವ ಬಂದಾಗ ಅವ್ವನ ಸೆರಗು ಬಾಯಾಗ ತುರುಕ್ಕೊಂಡಿದ್ನಿ, ಟಿವಿಯೊಳಗ ನೋಡೂ ಮುಂದ. ಎಂಟು ದಿನ ಹಿತ್ತಲಕ್ಕ ಒಬ್ನ ಹೋಗಲಿಲ್ಲ. ಈಗಿನ ದೆವ್ವಕ್ಕ ಗ್ರಾಫಿಕ್ಸ್ ಬ್ಯಾರೆ, ಕಣ್ಣೀರಿನ ಫ್ಲ್ಯಾಶ್‌ಬ್ಯಾಕ್ ಬ್ಯಾರೆ, ನಡುನಡುವ ಕಾಮಿಡಿ ಬ್ಯಾರೆ. ಹೆದರಬೇಕೋ, ಪಾಪ ಅನ್ನಬೇಕೋ?

ರಾತ್ರಿ ಒಂದಕ್ಕ ಮನಿಗೆ ಬಂದು, ಕತ್ತಲದಾಗ ಹಿತ್ತಲಕ್ಕ ಹೋಗಿ ಬಂದು, ಆರಾಮ ಮಲ್ಕೊಂಡ್ನಿ. ಹಾರರ್ ನೋಡಿದಾವ ಹಿಂಗ ಮಲಗ್ತಾನೇನ್ರೀ?