ಹಡಗಿನಲ್ಲಿ ಇಟ್ಟ ಹೆಸರು

ಜಾನ್, ಜೇಮ್ಸ್ ಅಂತ ಕರೆದರೆ ಇಂಗ್ಲೆಂಡಿನಲ್ಲಿ ಯಾರೂ ತಿರುಗಿ ನೋಡುವುದಿಲ್ಲ. ಪೆರಿಗ್ರಿನ್ ಅಂದರೆ ನೋಡುತ್ತಾರೆ. ಅದೀಗ ದೊಡ್ಡ ಮನೆತನದವರ ಹೆಸರು ಅನ್ನಿಸಿಕೊಂಡಿದೆ. ಅರ್ಥ ಮಾತ್ರ ಅಷ್ಟು ಗತ್ತಿನದಲ್ಲ. ಲ್ಯಾಟಿನ್ನಿನ ಪೆರೆಗ್ರಿನಸ್ ಎಂದರೆ ಹೊರನಾಡಿನವನು, ಊರು ಬಿಟ್ಟು ಅಲೆಯುವವನು. ಸುಮ್ನೆ ನಮ್ಮ ಮಾತಲ್ಲಿ ಹೇಳಿಬಿಟ್ಟರೆ, ಪರದೇಶಿ! ನಾಮಕರಣದ ದಿನ ಮಗುವಿನ ಕಿವಿಯಲ್ಲಿ ಇದನ್ನು ಉಸುರಿದರೆ ನಮ್ಮ ಅಜ್ಜಿಯರು ಸುಮ್ಮನಿರುತ್ತಾರಾ?

ಇಟ್ಟವರಿಗೆ ಕಾರಣವಿತ್ತು. ಕ್ಯಾಥೊಲಿಕ್ ಪಂಥದ ಮೇರಿ ರಾಣಿಯ ಕಾಲದಲ್ಲಿ ಪ್ರಾಟೆಸ್ಟೆಂಟರಿಗೆ ಉಳಿಗಾಲವಿರಲಿಲ್ಲ. ಸಫೋಕ್‌ನ ಡಚೆಸ್ ಕ್ಯಾಥರೀನ್ ವಿಲೋಬಿ ಗಂಡನ ಜೊತೆ ದೇಶ ಬಿಟ್ಟು ಹೋದಳು. 1555ರಲ್ಲಿ, ಈಗ ಜರ್ಮನಿಯಲ್ಲಿರುವ ವೆಸೆಲ್‌ನಲ್ಲಿ, ಗಂಡುಮಗು ಹುಟ್ಟಿತು. ಕಂಡವರ ಊರಲ್ಲಿ ಹುಟ್ಟಿದ್ದಕ್ಕೆ ಪೆರಿಗ್ರಿನ್ ಬರ್ಟಿ. ಮುಂದೆ ಎಲಿಜಬೆತ್ ರಾಣಿಯ ದಂಡನಾಯಕನಾದ.

ನನಗೆ ಇಷ್ಟವಾಗುವವನು ಇನ್ನೊಬ್ಬ. 1620ರ ನವೆಂಬರಿನಲ್ಲಿ, ಇಂಗ್ಲೆಂಡಿನಿಂದ ವಲಸೆ ಹೊರಟವರ ಮೇಫ್ಲವರ್ ಹಡಗು ಅಮೆರಿಕದ ಕೇಪ್ ಕಾಡ್ ಬಳಿ ಲಂಗರು ಹಾಕಿ ನಿಂತಿತ್ತು. ಮನೆ ಕಟ್ಟುವ ಜಾಗ ಇನ್ನೂ ಗೊತ್ತಾಗಿರಲಿಲ್ಲ. ಆಗಲೇ ಸುಸಾನಾ ವೈಟ್ ಹಡಗಿನಲ್ಲೇ ಹೆತ್ತಳು. ಕೂಸಿನ ಹೆಸರು ಪೆರಿಗ್ರಿನ್. ಅದೇ ಪ್ರಯಾಣದಲ್ಲಿ, ನಡುಗಡಲಲ್ಲಿ ಹುಟ್ಟಿದ್ದ ಇನ್ನೊಂದು ಕೂಸಿಗೆ ಓಷಿಯಾನಸ್ ಎಂದೇ ಇಟ್ಟಿದ್ದರು. ಆ ಜನಕ್ಕೆ ಇಂಥ ಹೆಸರುಗಳ ಹುಚ್ಚು ಸ್ವಲ್ಪ ಜಾಸ್ತಿಯೇ. ಪೆರಿಗ್ರಿನ್‌ನ ಅಣ್ಣ ರಿಸಾಲ್ವ್ಡ್, ಅಂದರೆ ಗಟ್ಟಿ ಮನಸ್ಸು ಮಾಡಿದವನು. ಬ್ರೂಸ್ಟರ್ ಮನೆಯ ಹುಡುಗರು ಲವ್ ಮತ್ತು ರೆಸ್ಲಿಂಗ್. ಹೌದು, ರೆಸ್ಲಿಂಗ್. ಪಾಪ, ಆ ಹುಡುಗ ಜಗಳಕ್ಕೆ ಹೋಗದಿದ್ದರೂ ನಂಬುವವರು ಯಾರು?

ಮೊದಲ ಚಳಿಗಾಲ ಹಡಗಿನವರಲ್ಲಿ ಸುಮಾರು ಅರ್ಧ ಜನರನ್ನು ನುಂಗಿತು. ಪೆರಿಗ್ರಿನ್‌ನ ಅಪ್ಪನೂ ಹೋದ. ಮೇ ತಿಂಗಳಲ್ಲಿ ಅಮ್ಮ, ತನ್ನಂತೆಯೇ ಒಂಟಿಯಾಗಿದ್ದ ಎಡ್ವರ್ಡ್ ವಿನ್ಸ್ಲೋನನ್ನು ಮದುವೆಯಾದಳು. ಹಡಗಿನವರು ಕಟ್ಟಿಕೊಂಡ ಪ್ಲಿಮತ್ ವಸಾಹತಿನ ಮೊದಲ ಮದುವೆ ಅದು. ಇಷ್ಟೆಲ್ಲದರ ನಡುವೆ ಕೂಸು ಹೇಗೋ ಬದುಕಿಕೊಂಡಿತು.

ತಮಾಷೆ ಏನೆಂದರೆ, ಹಡಗಿನ ಜನರಲ್ಲಿ ಈ ಹೆಸರು ಇವನಿಗೇ ಎಲ್ಲರಿಗಿಂತ ಕಡಿಮೆ ಹೊಂದುತ್ತಿತ್ತು. ಉಳಿದವರು ಕಡಲು ದಾಟಿ ಬಂದ ಪರದೇಶಿಗಳು. ಇವನು ಹುಟ್ಟಿದ್ದೇ ಅಲ್ಲಿ. ಆ ಭಾಗದಲ್ಲಿ ಹುಟ್ಟಿದ ಮೊದಲ ಇಂಗ್ಲಿಷ್ ಕೂಸು ಅಂತ 1665ರಲ್ಲಿ ವಸಾಹತಿನ ಕೋರ್ಟು ಅವನಿಗೆ 200 ಎಕರೆ ಜಮೀನನ್ನೂ ಕೊಟ್ಟಿತು. ಅದೇ ನೆಲದಲ್ಲಿ ತಲೆತಲಾಂತರದಿಂದ ಹುಟ್ಟುತ್ತಿದ್ದ ಮೂಲನಿವಾಸಿ ವಾಂಪನೋಗ್ ಜನರ ಮಕ್ಕಳಿಗೆ ಅಂಥ ಬಹುಮಾನ ಯಾರೂ ಕೊಡಲಿಲ್ಲ, ಆ ಮಾತು ಬೇರೆ.

ಪೆರಿಗ್ರಿನ್ ಹತ್ತಿರದ ಮಾರ್ಷ್‌ಫೀಲ್ಡ್‌ನಲ್ಲಿ ಬೇರುಬಿಟ್ಟು, 83 ದಾಟಿ, 1704ರಲ್ಲಿ ತೀರಿಕೊಂಡ. ಬಾಸ್ಟನ್ ಪತ್ರಿಕೆಯಲ್ಲಿ ಸುದ್ದಿ ಬಂತು. ಕೊನೆಯವರೆಗೂ ಗಟ್ಟಿಮುಟ್ಟಾಗಿದ್ದ, ಲಕ್ಷಣವಾಗಿದ್ದ ಎಂದು ಹೊಗಳಿದ ಪತ್ರಿಕೆ, ಮೊದಮೊದಲು ಮಿತಿಮೀರಿ ನಡೆದವನು, ವಯಸ್ಸಾದ ಮೇಲೆ ಸುಧಾರಿಸಿದ ಅಂತಲೂ ಸೇರಿಸಿತು. ಸತ್ತವರ ಬಗ್ಗೆ ಆಗ ಹೀಗೂ ಬರೆಯುತ್ತಿದ್ದರು ನೋಡಿ. ಅಲೆದಾಟದ ಪಾಲನ್ನೆಲ್ಲ ಪುಣ್ಯಾತ್ಮ ಊರೊಳಗೇ ಮುಗಿಸಿದ್ದನೇನೋ.