ಹೆಸರು ಹುಟ್ಟಿಸಿ, ಅರ್ಥ ಹುಟ್ಟಿಸಬೇಡಿ

ಬೆಳಿಗ್ಗೆಯಿಂದ ತಲೆ ಬಿಸಿಯಾಗಿದೆ. ಫ್ಯಾಮಿಲಿ ಗ್ರೂಪಿಗೆ ಯಾರೋ ‘ಅಪರೂಪದ ಮಕ್ಕಳ ಹೆಸರುಗಳು, ಅರ್ಥ ಸಹಿತ’ ಅಂತ ಒಂದು ಪಟ್ಟಿ ಹಾಕಿದ್ದಾರೆ. ಗುಲಾಬಿ ಬಣ್ಣದ ಪುಟ, ಮೂಲೆಯಲ್ಲಿ ಮಗುವಿನ ಪುಟ್ಟ ಪಾದ, ನಡುವೆ ಹೆಸರುಗಳ ಸಾಲು. ಒಂದೇ ಪುಟದಲ್ಲಿ ‘ಸೂರ್ಯನ ಮೊದಲ ಕಿರಣ’ ಅನ್ನುವ ಅರ್ಥದ ಹೆಸರುಗಳೇ ನಾಲ್ಕೈದು. ಶನಾಯಾ ಅಂದರೂ ಸೂರ್ಯನ ಮೊದಲ ಕಿರಣ, ರಿಯಾಂಶ್ ಅಂದರೂ ಸೂರ್ಯನ ಮೊದಲ ಕಿರಣ. ಯಾವ ಭಾಷೆಯಲ್ಲಿ? ಅದನ್ನು ಯಾರೂ ಬರೆದಿಲ್ಲ. ಬರೆದರೂ ‘ಸಂಸ್ಕೃತ’ ಅಂತ ಬರೆದುಬಿಡುತ್ತಾರೆ, ಅಲ್ಲಿಗೆ ಕೇಳುವವರ ಬಾಯಿ ಮುಚ್ಚುತ್ತದೆ. ನಾನು ನಿಘಂಟು ಹಿಡಿದು ಕೂರುವವಳು ಅಂತ ನಿಮಗೆಲ್ಲ ಗೊತ್ತೇ ಇದೆ. ಇವತ್ತು ಸುಮ್ನೆ ಇರೋಕೆ ಆಗ್ತಿಲ್ಲ.

ಆರವ್ ಅನ್ನುವ ಹೆಸರನ್ನೇ ನೋಡಿ. ಪಟ್ಟಿಯಲ್ಲಿ ಅರ್ಥ ‘ಶಾಂತ’. ಕಲರವ ಅನ್ನುವ ಪದ ಕನ್ನಡ ಓದುವ ಎಲ್ಲರಿಗೂ ಗೊತ್ತು, ಅಲ್ವಾ? ಹಕ್ಕಿಗಳ ಕಲರವ. ರವ ಅಂದರೆ ಸದ್ದು. ಆರವ ಅಂದರೂ ಸದ್ದು, ಕೂಗು. ಮೋನಿಯರ್ ವಿಲಿಯಮ್ಸ್ ಸಂಸ್ಕೃತ ನಿಘಂಟಿನಲ್ಲಿ ಹಾಗೇ ಇದೆ. ಸದ್ದೇ ಇಲ್ಲದ್ದಕ್ಕೆ ನೀರವ ಅನ್ನುತ್ತಾರೆ. ಅಂದರೆ ನೀರವನ ಅರ್ಥವನ್ನು ಕಿತ್ತು ಆರವನಿಗೆ ಅಂಟಿಸಿದ್ದಾರೆ. ನನಗೆ ಸಿಟ್ಟು ಬರುವುದು ಇಲ್ಲೇ. ಸದ್ದು ಅನ್ನುವ ಅರ್ಥದಲ್ಲಿ ಏನು ಕೊರತೆ ಇತ್ತು? ಹುಟ್ಟಿದ ಮಗು ಮೊದಲು ಮಾಡುವ ಕೆಲಸವೇ ಅದು. ಆ ಕೂಗು ಕೇಳೋಕೆ ಎಲ್ಲರೂ ಬಾಗಿಲ ಹೊರಗೆ ಉಸಿರು ಬಿಗಿಹಿಡಿದು ನಿಂತಿರುತ್ತಾರೆ. ಆರವ್ ಅನ್ನುವುದಕ್ಕೆ ಇದಕ್ಕಿಂತ ಒಳ್ಳೆಯ ಕಾರಣ ಬೇಕಾ?

ಇಂಥ ಸುಳ್ಳು ಅರ್ಥಗಳು ಹೇಗೆ ಹುಟ್ಟುತ್ತವೆ ಅಂತ ನೋಡಿದರೆ ಅರ್ಧ ತಪ್ಪು ಇಂಗ್ಲಿಷ್ ಅಕ್ಷರಗಳದ್ದು. ಈ ಪಟ್ಟಿಗಳೆಲ್ಲ ಮೊದಲು ಇಂಗ್ಲಿಷಿನಲ್ಲೇ ತಯಾರಾಗುತ್ತವೆ. ಅಲ್ಲಿ ಹ್ರಸ್ವ ದೀರ್ಘ ಗೊತ್ತಾಗುವುದಿಲ್ಲ. ಮಾಲಾ ಅಂದರೆ ಹಾರ. ಮಲ ಅಂದರೆ ಏನು ಅಂತ ನಾನು ಹೇಳಬೇಕಾಗಿಲ್ಲ. ಇಂಗ್ಲಿಷಿನಲ್ಲಿ ಬರೆದರೆ ಎರಡೂ ಒಂದೇ. ನಮ್ಮ ಅಕ್ಷರದಲ್ಲಿ ಬರೆದ ಕೂಡಲೇ ವ್ಯತ್ಯಾಸ ಕಣ್ಣಿಗೆ ಬೀಳುತ್ತದೆ. ಆದರೂ ಹೆಸರು ಹುಡುಕುವ ಹೊತ್ತಿನಲ್ಲಿ ಒಮ್ಮೆಯೂ ಅದನ್ನು ಕನ್ನಡದಲ್ಲಿ ಬರೆದು ನೋಡುವುದಿಲ್ಲ. ಒಂದು ಪಟ್ಟಿ ನೋಡಿ ಇನ್ನೊಂದು ಪಟ್ಟಿ, ಅದನ್ನು ನೋಡಿ ಮತ್ತೊಂದು. ಹತ್ತು ಕಡೆ ಬಂದ ಮೇಲೆ ‘ಎಲ್ಲಾ ಕಡೆ ಹಾಗೇ ಇದೆಯಲ್ಲ’ ಅಂತ ನನಗೇ ವಾದ ಮಾಡುತ್ತಾರೆ.

ಇದರ ಪೆಟ್ಟು ಯಾರಿಗೆ ಬೀಳುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ. ಗೆಳತಿಯ ಮಗಳು ಮನೆಗೆ ಬಂದಿದ್ದಳು. ಹೆಸರು ಅನಯಾ. ನನ್ನ ಕಪಾಟಿನ ದಪ್ಪ ನಿಘಂಟು ನೋಡಿ ‘ಆಂಟಿ, ನನ್ನ ಹೆಸರು ಇದರಲ್ಲಿ ಇದೆಯಾ?’ ಅಂದಳು. ಬೇಡ ಅನ್ನುವಷ್ಟರಲ್ಲಿ ನೆಲದ ಮೇಲೆ ಕೂತು ಪುಟ ತಿರುಗಿಸಿ ಹುಡುಕಿಯೂಬಿಟ್ಟಳು. ಅನಯ: ಅನೀತಿ, ಕೆಟ್ಟ ನಡತೆ, ದುರದೃಷ್ಟ. ಬೆರಳನ್ನು ಆ ಸಾಲಿನ ಮೇಲೆ ಇಟ್ಟುಕೊಂಡೇ ನನ್ನ ಮುಖ ನೋಡಿದಳು. ‘ಅಮ್ಮ ಕಾಳಜಿ ಅಂತ ಹೇಳಿದ್ದಳು.’ ನನಗೆ ಗಂಟಲು ಕಟ್ಟಿತು. ಪಕ್ಕದಲ್ಲಿ ಕೂತು ಹೇಳಿದೆ: ಪುಟ್ಟಿ, ಅರೇಬಿಕ್ ಭಾಷೆಯಲ್ಲಿ ಇನಾಯಾ ಅಂತ ಒಂದು ಪದ ಇದೆ, ಅದರ ಅರ್ಥ ಕಾಳಜಿಯೇ, ನಿನ್ನ ಹೆಸರಿನ ಅರ್ಥ ಅಲ್ಲಿಂದ ಬಂದಿರಬೇಕು. ಹೀಬ್ರೂ ಭಾಷೆಯಲ್ಲಿ ಅನಾಯಾ ಅಂತಲೂ ಇದೆ, ಬೈಬಲ್ಲಿನ ನೆಹೆಮಿಯನ ಪುಸ್ತಕದಲ್ಲಿ ಬರುತ್ತದೆ, ದೇವರು ಉತ್ತರ ಕೊಟ್ಟ ಅಂತ ಅರ್ಥ. ಅವಳು ಸ್ವಲ್ಪ ಗೆಲುವಾದಳು. ಆದರೆ ಸಂಜೆ ಹೊರಡುವವರೆಗೂ ಜಾಸ್ತಿ ಮಾತಾಡಲಿಲ್ಲ. ಅವಳ ಅಮ್ಮನ ಮೇಲೆ ನನಗೆ ಒಂದಿಷ್ಟೂ ಕೋಪ ಇಲ್ಲ. ಅವಳು ಪ್ರೀತಿಯಿಂದಲೇ ಹುಡುಕಿದ್ದಳು. ಕೋಪ ಇರುವುದು ಯಾವ ಭಾಷೆಯ ಪದ ಅಂತ ಹೇಳದೆ ಅರ್ಥ ಹಂಚುವವರ ಮೇಲೆ.

ಇಷ್ಟು ಹೇಳಿದರೆ ಸಾಕು, ‘ಅರ್ಥ ಯಾರಿಗೆ ಬೇಕು, ಕರೆಯೋಕೆ ಚೆಂದ ಇದ್ದರೆ ಸಾಕಲ್ವಾ’ ಅನ್ನುವವರು ಬರುತ್ತಾರೆ. ಸರಿ, ಒಪ್ಪಿದೆ. ಹಾಗಿದ್ದರೆ ಅಷ್ಟೇ ಹೇಳಿ. ‘ಈ ಸದ್ದು ನಮಗೆ ಇಷ್ಟವಾಯ್ತು, ಇಟ್ಟೆವು’ ಅನ್ನುವುದರಲ್ಲಿ ಯಾವ ನಾಚಿಕೆಯೂ ಇಲ್ಲ. ಹೊಸ ಹೆಸರು ಕಟ್ಟುವುದಕ್ಕೆ ನನ್ನ ತಕರಾರೇ ಇಲ್ಲ. ಅಪ್ಪನ ಹೆಸರಿನ ಮೊದಲ ಅಕ್ಷರ, ಅಮ್ಮನ ಹೆಸರಿನ ಕೊನೆಯ ಅಕ್ಷರ ಸೇರಿಸಿ ಕಟ್ಟಿ, ಚೆನ್ನಾಗಿಯೇ ಇರುತ್ತದೆ. ಆದರೆ ಕಟ್ಟಿದ ಮೇಲೆ ಅದಕ್ಕೆ ಸಂಸ್ಕೃತದ ಸುಳ್ಳು ಜಾತಕ ಬರೆಯಬೇಡಿ.

ಕಟ್ಟಿದ ಹೆಸರಿಗೆ ಎಷ್ಟು ಒಳ್ಳೆಯ ಕತೆ ಇರಬಹುದು ಅನ್ನುವುದಕ್ಕೆ ವನೆಸ್ಸಾ ಸಾಕು. ಪಟ್ಟಿಗಳಲ್ಲಿ ಅದಕ್ಕೆ ‘ಚಿಟ್ಟೆ, ಗ್ರೀಕ್ ಮೂಲ’ ಅಂತ ಇರುತ್ತದೆ. ನಿಜ ಏನು ಗೊತ್ತಾ? ಜೊನಾಥನ್ ಸ್ವಿಫ್ಟ್ ಅನ್ನುವ ಐರಿಷ್ ಲೇಖಕ ಕಟ್ಟಿದ ಹೆಸರು ಅದು. ಅವನಿಗೆ ಆಪ್ತಳಾಗಿದ್ದ ಎಸ್ತರ್ ವ್ಯಾನಾಮ್ರಿ ಎಂಬ ಹೆಣ್ಣಿನ ಮನೆತನದ ಹೆಸರಿನಿಂದ ‘ವ್ಯಾನ್’ ತೆಗೆದ, ಎಸ್ತರ್ ಅನ್ನು ಮುದ್ದಾಗಿ ‘ಎಸ್ಸಾ’ ಮಾಡಿದ, ಎರಡನ್ನೂ ಸೇರಿಸಿದ. ಅವಳ ಬಗ್ಗೆ ಬರೆದ ಪದ್ಯ ಅಚ್ಚಾಗಿದ್ದು 1726ರಲ್ಲಿ, ಅವಳು ತೀರಿಕೊಂಡ ಮೇಲೆ. ಚಿಟ್ಟೆ ಬಂದಿದ್ದು ಆಮೇಲೆ. 1807ರಲ್ಲಿ ಡೆನ್ಮಾರ್ಕಿನ ಕೀಟ ವಿಜ್ಞಾನಿ ಫ್ಯಾಬ್ರಿಸಿಯಸ್ ಚಿಟ್ಟೆಗಳ ಒಂದು ಕುಲಕ್ಕೆ ಈ ಹೆಸರು ಇಟ್ಟ. ಅಂದರೆ ಹುಡುಗಿಯ ಹೆಸರು ಚಿಟ್ಟೆಗೆ ಹೋಯಿತೇ ಹೊರತು ಚಿಟ್ಟೆಯದು ಹುಡುಗಿಗೆ ಬರಲಿಲ್ಲ. ಒಬ್ಬಳು ಹೆಣ್ಣಿನ ಹೆಸರನ್ನು ಬಚ್ಚಿಟ್ಟುಕೊಳ್ಳೋಕೆ ಹುಟ್ಟಿದ ಹೆಸರು! ಇದನ್ನು ಬಿಟ್ಟು ‘ಗ್ರೀಕ್ ಮೂಲ’ ಅಂತ ಬರೆಯೋಕೆ ಮನಸ್ಸಾದರೂ ಹೇಗೆ ಬರುತ್ತದೆ?

ಇಮೊಜೆನ್ ಅಂತ ಇನ್ನೊಂದಿದೆ. ಶೇಕ್ಸ್‌ಪಿಯರನ ನಾಟಕದ ರಾಜಕುಮಾರಿ. ಅವನು ಬರೆದಿದ್ದು ಇನ್ನೊಜೆನ್, 1623ರಲ್ಲಿ ಅಚ್ಚಾಗುವಾಗ ಎರಡು ‘ನ’ಕಾರ ಸೇರಿ ‘ಮ’ ಆಯಿತು ಅಂತ ಬಹಳ ವಿದ್ವಾಂಸರು ನಂಬುತ್ತಾರೆ. ಅಚ್ಚಿನ ತಪ್ಪಿನಿಂದ ಬಂದ ಹೆಸರನ್ನು ಜನ ಇಂದಿಗೂ ಪ್ರೀತಿಯಿಂದ ಇಡುತ್ತಾರೆ. ಆ ತಪ್ಪಿನಿಂದ ಹೆಸರಿನ ಚೆಂದ ಹೆಚ್ಚಾಗಿದೆಯೇ ಹೊರತು ಕಡಿಮೆಯಾಗಿಲ್ಲ.

ಇನ್ನು ಅಪರೂಪದ ಹೆಸರೇ ಬೇಕು, ಅರ್ಥವೂ ಇರಬೇಕು ಅನ್ನುವವರಿಗೆ ಸುಳ್ಳಿನ ಅಗತ್ಯವೇ ಇಲ್ಲ. ಅಮರಕೋಶ ತೆರೆದರೆ ಮಂಜು, ಹಿಮಕ್ಕೆ ಎಷ್ಟು ಪದಗಳಿವೆ ನೋಡಿ: ನೀಹಾರ, ತುಷಾರ, ತುಹಿನ, ಪ್ರಾಲೇಯ, ಮಿಹಿಕಾ. ಒಂದೊಂದೂ ಹೆಸರಾಗಬಲ್ಲದು. ಮಿಹಿಕಾ ಈಗೀಗ ಅಲ್ಲಲ್ಲಿ ಕೇಳಿಸುತ್ತಿದೆ, ನನಗೆ ಖುಷಿ. ಪ್ರಾಲೇಯ ಅನ್ನುವ ಹೆಸರಿನ ಒಂದು ಮಗುವನ್ನೂ ನಾನು ನೋಡಿಲ್ಲ. ಕನ್ನಡದಲ್ಲೇ ಹುಡುಕಿ. ಇಂಚರ ಇದೆ, ಇಂಪಾದ ದನಿ. ನೇಸರ ಇದೆ, ಸೂರ್ಯ. ಮೊದಲ ಕಿರಣ ಯಾಕೆ, ಇಡೀ ಸೂರ್ಯನೇ ಇರುವಾಗ! ನಮ್ಮ ಹಳೆಯ ಕವಿಗಳ ಹೆಸರು ನೋಡಿ. ರತ್ನ ಕನ್ನಡದ ಬಾಯಲ್ಲಿ ರನ್ನ ಆಯಿತು. ಯಜ್ಞ ಜನ್ನ ಆಯಿತು. ಪೊನ್ ಅಂದರೆ ಚಿನ್ನ, ಅದರಿಂದ ಪೊನ್ನ. ಎಂಟುನೂರು, ಸಾವಿರ ವರ್ಷ ಹಳೆಯ ಹೆಸರುಗಳು, ಎರಡೇ ಅಕ್ಷರ, ಕರೆದರೆ ಬಾಯಿ ತುಂಬುತ್ತದೆ. ಒಂದು ಪಟ್ಟಿಯಲ್ಲೂ ಇವು ನನ್ನ ಕಣ್ಣಿಗೆ ಬಿದ್ದಿಲ್ಲ. ಇದು ನನಗೆ ನಿಜಕ್ಕೂ ನೋವಿನ ವಿಷಯ.

ಆದ್ದರಿಂದ, ಮಗುವಿಗೆ ಹೆಸರು ಹುಡುಕುತ್ತಿರುವ ಗೆಳೆಯ ಗೆಳತಿಯರೇ, ಪಟ್ಟಿಯಲ್ಲಿ ಒಂದು ಹೆಸರು ಹಿಡಿಸಿದರೆ ಮೊದಲು ಅದನ್ನು ಕನ್ನಡದಲ್ಲಿ ಬರೆಯಿರಿ. ಯಾವ ಭಾಷೆಯದು ಅಂತ ಕೇಳಿ. ಆ ಭಾಷೆಯ ನಿಘಂಟಿನಲ್ಲಿ ಇದೆಯಾ ಅಂತ ನೋಡಿ. ಎಲ್ಲೂ ಸಿಗದಿದ್ದರೆ, ಆದರೂ ಅದೇ ಬೇಕು ಅನಿಸಿದರೆ, ಖಂಡಿತ ಇಡಿ. ಯಾಕೆ ಇಟ್ಟಿರಿ ಅಂತ ಒಂದು ಹಾಳೆಯಲ್ಲಿ ಬರೆದಿಡಿ, ಮಗು ಓದುವಷ್ಟು ದೊಡ್ಡದಾದಾಗ ಕೊಡಿ. ನಿಘಂಟು ಮನೆಯಲ್ಲಿ ಇಲ್ಲದವರು ನನಗೆ ಮೆಸೇಜ್ ಮಾಡಿ, ಯಾವ ಹೊತ್ತಾದರೂ ಸರಿ, ನೋಡಿ ಹೇಳುತ್ತೇನೆ.