ಸ್ಪಷ್ಟನೆ: ಸ್ಪ್ಯಾನಿಷ್‌ನ ಅನಿಯಮಿತ ಕ್ರಿಯಾಪದಗಳನ್ನು ಮುಂದಕ್ಕೆ ಹಾಕಬೇಡಿ
ಕಲಬುರಗಿಯ ಕಲಿಯುವ ಹುಡುಗರ ವಾಟ್ಸಾಪ್ ಗುಂಪುಗಳಲ್ಲಿ ಒಂದು ಮೆಸೇಜ್ ಓಡಾಡ್ತಿದೆ: "ಸ್ಪ್ಯಾನಿಷ್‌ನ ಅನಿಯಮಿತ ಕ್ರಿಯಾಪದಗಳಿಗೆ ಲೆಕ್ಕವೇ ಇಲ್ಲ, ಮೊದಲ ಆರು ತಿಂಗಳು ಅವನ್ನು ಮುಟ್ಟಬೇಡಿ." ಇದು ತಪ್ಪು. ಅನಿಯಮಿತ ಅಂದರೆ ಮಾಮೂಲಿ ನಿಯಮದಂತೆ ರೂಪ ಬದಲಾಗದ ಕ್ರಿಯಾಪದಗಳು.

ದಿನಾ ಬೇಕಾಗುವ ಮಾತುಗಳೇ ಅನಿಯಮಿತ. ಸೆರ್, ಎಸ್ತಾರ್ ಅಂದರೆ ಇರು, ಈರ್ ಅಂದರೆ ಹೋಗು, ತೆನೆರ್ ಅಂದರೆ ನಮ್ಮ ಹತ್ತಿರ ಏನಾದರೂ ಇರುವುದು. ಇವಿಲ್ಲದೆ ಒಂದು ನಿಮಿಷವೂ ಮಾತಾಡೋಕಾಗಲ್ಲ, ಅಲ್ವಾ?

ಮೊನ್ನೆ ಸೂಪರ್ ಮಾರ್ಕೆಟ್ ಹತ್ತಿರ ಚಹಾ ಕುಡಿಯುವಾಗ ಗೆಳತಿಯೊಬ್ಬಳು ನೋಟ್‌ಬುಕ್ ತೋರಿಸಿದಳು. ಪುಟದ ತುಂಬಾ "ತೆನೊ, ತೆನೊ" ಅಂತ ಬರೆದಿದ್ದಳು. ತೆನೆರ್‌ನಿಂದ "ನನ್ನ ಹತ್ತಿರ ಇದೆ" ಅನ್ನೋಕೆ ಸರಿಯಾದದ್ದು ತೆಂಗೊ. ಪಕ್ಕದಲ್ಲಿ ಬೆಂಗೊ, ಪೊಂಗೊ, ಸಾಲ್ಗೊ ಅಂತ ಬರೆದು ಕೊಟ್ಟೆ: ಬರುತ್ತೇನೆ, ಇಡುತ್ತೇನೆ, ಹೊರಡುತ್ತೇನೆ. ಎಲ್ಲದರ ಕೊನೆಗೂ "ಗೊ" ಇರೋದು ಅವಳಿಗೆ ತಕ್ಷಣ ಕಂಡಿತು. ನಮ್ಮಲ್ಲೂ ಹಾಗೇ ಇದೆ: ಮಾಡು ಮಾಡಿದ ಆಗುತ್ತೆ, ಆದರೆ ಕೊಡು ಕೊಟ್ಟ, ಬಿಡು ಬಿಟ್ಟ, ಇಡು ಇಟ್ಟ, ಇದನ್ನು ನಾವು ಯಾರೂ ಪಟ್ಟಿ ಮಾಡಿ ಬಾಯಿಪಾಠ ಮಾಡಲಿಲ್ಲ, ಬಳಸಿ ಬಳಸಿ ಬಂತು.

ಲೆಕ್ಕವೇ ಇಲ್ಲ ಅನ್ನೋದೂ ಸುಳ್ಳು. "ಹೋಗುತ್ತಿದ್ದೆ" ಥರದ ಭೂತಕಾಲ, ಅಂದರೆ ಇಂಪರ್ಫೆಕ್ಟ್‌ನಲ್ಲಿ ಅನಿಯಮಿತವಾದವು ಬರೀ 3: ಸೆರ್, ಈರ್, ಬೆರ್ (ನೋಡು). ದಯವಿಟ್ಟು ಆ ಮೆಸೇಜ್ ಸುಮ್ನೆ ಫಾರ್ವರ್ಡ್ ಮಾಡಬೇಡಿ, ಇವತ್ತೇ ತೆಂಗೊದಿಂದ ಶುರು ಮಾಡಿ.